ಗೋದಲಿಯೊಳಗೊಬ್ಬ ಬಾಣಂತಿ

ಕರೋಶಿಯ ಬಾಳೇಶನ ಕೈಗೆ ಮಣ್ಣು ಸಿಕ್ಕರೆ ಸಾಕು, ಗಣಪತಿಯಾಗುತ್ತದೆ. ಆದರೆ ಏನು ಬಂತು? ಮಾಡಿದ್ದೆಲ್ಲ ನೀರುಪಾಲು! ಸೊಂಡಿಲಿನ ಬಣ್ಣ ನೆಟ್ಟಗೆ ಒಣಗಿರುವುದಿಲ್ಲ, ಢೋಲು ಬಾರಿಸುತ್ತ ಒಯ್ದು ಮುಳುಗಿಸಿಯೇ ಬಿಡುತ್ತಾರೆ. ತಾನು ಮಾಡಿದ್ದು ಒಂದಾದರೂ ಉಳಿಯಬೇಕೆಂಬುದೇ ಅವನ ಹಪಾಹಪಿ. ಹೀಗಿರುವಾಗ ಚಿಕ್ಕೋಡಿ ಕಡೆಯ ಸಣ್ಣ ಚರ್ಚಿನ ಫಾದರ್ ಬಂದು, ಕ್ರಿಸ್‌ಮಸ್ಸಿನ ಗೋದಲಿಗೆ ಗೊಂಬೆ ಕೇಳಿದರು: ದನದ ಕೊಟ್ಟಿಗೆ, ಆಗಷ್ಟೇ ಹುಟ್ಟಿದ ಬಾಲಯೇಸು, ತಾಯಿ ಮರಿಯಮ್ಮ, ಅವಳ ಗಂಡ ಜೋಸೆಫ್.

"ನಮ್ಮ ಕಡೀ ಮಂದಿಹಂಗ ಇರ್ಲಿ. ಚಲೋ ಆದ್ರ ವರ್ಷಾ ವರ್ಷಾ ಇವನ್ನ ಇಡ್ತೀವಿ," ಎಂದರು.

ಬಾಳೇಶನಿಗೆ ಸ್ವರ್ಗ ಮೂರೇ ಗೇಣು! ಆದರೆ ಫಾದರ್ ಕೊಟ್ಟುಹೋದ ಚಿತ್ರ ನೋಡಿ ಹೆಂಡತಿ ಗಂಗಾ ಹೌಹಾರಿದಳು.

"ಅಯ್ಯ ಶಿವನ! ಈಗಿನ್ನೂ ಹಡದಾಳ, ಡಿಸೆಂಬರ್ ಥಂಡಿ, ಕಿವಿ ಬಿಟ್ಕೊಂಡ ಕುಂತಾಳಲ್ರಿ! ಗಾಳಿ ಹೊಕ್ರ ಏನ್ ಗತಿ? ಮೊದ್ಲ ಸ್ಕಾರ್ಫ್ ಕಟ್ಟ್ರಿ!"

ಗಂಗಾ ಹೇಳುತ್ತ ಹೋದಳು, ಬಾಳೇಶ ಮಾಡುತ್ತ ಹೋದ. ಮರಿಯಮ್ಮ ಕಿವಿಗೆ ಸ್ಕಾರ್ಫ್ ಬಿಗಿದುಕೊಂಡು ಹೊರಸಿನ ಮೇಲೆ ಮಲಗಿದಳು, ಕೆಳಗೆ ಕೆಂಡದ ಬುಟ್ಟಿ. ಕೂಸಿನ ತಲೆಗೆ ಕುಂಚಿಗಿ, ಗಲ್ಲಕ್ಕೆ ಕಾಡಿಗೆಯ ದೃಷ್ಟಿಬೊಟ್ಟು. ಜೋಸೆಫನನ್ನು ಮಾತ್ರ ಕೊಟ್ಟಿಗೆಯ ಹೊರಗೆ, ಬೀದಿಗೆ ಮುಖ ಮಾಡಿ ಎಲೆಅಡಿಕೆ ಮೆಲ್ಲಲು ಕೂಡಿಸಿದ್ದಾಯಿತು.

ಚರ್ಚಿನಂಗಳದ ಕಬ್ಬಿನ ಒಣಗರಿ, ರವದಿ ಹೊದಿಸಿದ ಗುಡಿಸಲಲ್ಲಿ ಗೊಂಬೆಗಳನ್ನಿಟ್ಟಾಗ ಫಾದರ್ ದಂಗಾದರು.

"ಬಾಳೇಶಾ, ಜೋಸೆಫ್ ಯಾಕೋ ಹೊರಗ?"

"ಬಾಣಂತಿ ಖೋಲ್ಯಾಗ ಗಂಡಸರದೇನ ಕೆಲಸರಿ?"

"ಇದ ನಡ್ಯಾಂಗಿಲ್ಲ. ನೀರಾಗ ಹಾಕಿ ಹೊಳ್ಳಿ ಕಲಸು!"

ಬಾಳೇಶ ತಲೆಯ ಮೇಲೆ ಕೈಹೊತ್ತು ಕುಳಿತ. ಅಯ್ಯೋ, ಇದೂ ನೀರಿಗೇ! ಮಾಡಿದವನ ಸಂಕಟ ಮುಳುಗಿಸುವವರಿಗೇನು ಗೊತ್ತು?

ಅಷ್ಟರಲ್ಲಿ ಅಂಗಳ ಗುಡಿಸುತ್ತಿದ್ದ ನೀಲಮ ಗುಡಿಸಲೊಳಗೆ ಇಣುಕಿ, ಕೈಯಲ್ಲಿದ್ದ ಕಸಬರಿಗೆ ಕೆಳಗಿಟ್ಟಳು.

"ಫಾದರ, ಸಾವಕಾಶ ಮಾತಾಡ್ರಿ. ಕೂಸು ಮಲಗೈತಿ," ಎಂದು ಪಿಸುಗುಟ್ಟಿದಳು.

ಸುದ್ದಿ ಓಣಿಯೆಲ್ಲ ಹಬ್ಬಿತು. ಸಂಜೆಗೆ ಚರ್ಚಿನ ಹೆಂಗಸರೆಲ್ಲ ಅಂಟಿನುಂಡಿ ಹಿಡಿದು ಬಾಣಂತಿಯನ್ನು ಮಾತಾಡಿಸಲು ಬಂದರು. ಪ್ರಾರ್ಥನೆ ಹೇಳಿಸಲು ಒಳಗೆ ಹೊರಟ ಫಾದರನ್ನು, "ನೀವೂ ಹೊರಗ ಕುಂಡ್ರಿ," ಎಂದು ತಡೆದರು. ಪಾಪ, ಅವರು ಜೋಸೆಫನ ಪಕ್ಕದಲ್ಲೇ ಕೂತು ಪ್ರಾರ್ಥನೆ ಹೇಳಿಸಿದರು! ಅಂಟಿನುಂಡಿ ಮಾತ್ರ ಅವರಿಗೂ ಎರಡು ಸಿಕ್ಕವು. ಮರುದಿನ ನೀರಿನ ಸುದ್ದಿಯನ್ನೇ ಎತ್ತಲಿಲ್ಲ.

ಹಬ್ಬ ಮುಗಿಯಿತು. ಫಾದರ್ ಒಂದೊಂದೇ ಗೊಂಬೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ನೋಡುತ್ತ ನಿಂತಿದ್ದ ಬಾಳೇಶನ ಬಾಯಿಂದ, ಬರುವ ವರ್ಷ ಲಗೂನ ಬಾ ಎಂದು ಗಣಪತಿಯನ್ನು ಕಳಿಸುವ ಮರಾಠಿ ಕೂಗು ರೂಢಿಯಂತೆ ಹೊರಟೇಬಿಟ್ಟಿತು: "ಪುಢಚ್ಯಾ ವರ್ಷೀ ಲವಕರ ಯಾ!"

ಫಾದರ್ ನಕ್ಕರು. "ಇವರು ಎಲ್ಲಿಗೂ ಹೋಗೂದಿಲ್ಲೋ ಬಾಳೇಶಾ. ಇಲ್ಲೇ ಇರ್ತಾರ."

ಬಾಳೇಶ ಕಪಾಟಿನ ಬಾಗಿಲಿಗೆ ಕೈಯಿಟ್ಟು, ಹೋ ಎಂದು ಅತ್ತುಬಿಟ್ಟ.