ಕಳೆಯದ ಓಲೆ ತಿರುಪು ಹುಡುಕಿದ್ದು

ಗೆಳತಿಯರೇ, ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ: ಹೆರಿಗೆಯೆಂದರೆ ನನಗೆ ವಿಪರೀತ ಭಯ. ಹೊಟ್ಟೆಯೊಳಗಿನ ಮಗುವಿನ ಬೆನ್ನು ನನ್ನ ಬೆನ್ನಿಗೆ ಆತುಕೊಂಡಿದೆಯಂತೆ. ಸೊಂಟ ಸೀಳುವ ಹಾಗೆ ನೋಯುತ್ತದೆ. "ಅಂಗಾತ ಮಲಗಬೇಡ, ಅಂಬೆಗಾಲಲ್ಲಿ ಓಡಾಡು, ಮಗು ತಿರುಗಿದರೂ ತಿರುಗೀತು" ಎಂದು ಆಸ್ಪತ್ರೆಯ ನರ್ಸಮ್ಮ ಹೇಳಿದ್ದರು. ಚಿಕ್ಕಂದಿನಲ್ಲೇ ಬೆಂಚಿನ ಮೇಲೆ ಸುಮ್ಮನೆ ಕೂರಲಾಗದೆ ಸ್ಕೂಲು ಬಿಟ್ಟವಳು ನಾನು. ಈ ಮದ್ದು ನನಗೆ ಒಗ್ಗಿತು.

ಅವ್ವನಿಗೆ ಮಾತ್ರ ನಾಚಿಕೆ. ಇಂದು ಪಡಸಾಲೆಯಲ್ಲಿ ಅಂಬೆಗಾಲಿಡುತ್ತಿದ್ದಾಗ ಪಕ್ಕದ ಮನೆಯ ಚಿಕ್ಕತಾಯಿ ಅತ್ತೆ ತಮ್ಮ ಸೊಸೆಯ ಜೊತೆ ಬಂದರು. ಅವ್ವ ಗಾಬರಿಯಾಗಿ, "ಓಲೆ ತಿರುಪು ಬಿದ್ದೋಗದೆ ಕಣತ್ಗೆ, ಉಡುಕ್ತಾವ್ಳೆ" ಅಂದಳು.

"ತುಂಬ್ದ ಬಸ್ರಿ ಕೈಲಾ ಉಡುಕ್ಸದು!" ಎಂದು ಅತ್ತೆ ತಾವೇ ಮಂಡಿಯೂರಿದರು. ಸೊಸೆಯೂ ಬಗ್ಗಿದಳು. ಸುಳ್ಳು ಹೇಳಿದ ಅವ್ವನೂ ವಿಧಿಯಿಲ್ಲದೆ ಬಗ್ಗಿ ನೆಲ ತಡವತೊಡಗಿದಳು.

ನನಗೆ ತಡೆಯಲಾಗಲಿಲ್ಲ. "ತಿರುಪು ಕಿವೀಲೇ ಅದೆ ಅತ್ತೆ. ಮಗ ಬೆನ್ ಕೊಟ್ಕಂಡು ಕುಂತದೆ, ಅದ್ಕೆ ಇಂಗೆ."

ಅವ್ವ ತಲೆ ಎತ್ತಲಿಲ್ಲ. ಅತ್ತೆಯೂ ಏಳಲಿಲ್ಲ. ನನ್ನ ಸೊಂಟ ನೀವುತ್ತಾ, "ನನ್ ದೊಡ್ಡೋನೂ ಇಂಗೇ ಇದ್ದ ಕಣವ್ವ. ಅಗ್ಲೂ ರಾತ್ರಿ ನೊಂದೆ. ಇಂಗ್ ಮಾಡು ಅಂತ ಯೋಳೋರು ಯಾರೂ ಇರ್ನಿಲ್ಲ. ನಡಿ, ನಾನೂ ಬತ್ತೀನಿ" ಎಂದರು.

ಇಬ್ಬರೂ ಅಡುಗೆಮನೆಯವರೆಗೆ ಅಂಬೆಗಾಲಲ್ಲೇ ಹೋದೆವು. ಅವ್ವ ಎದ್ದು ಹೋಗಿ ಬೀದಿ ಬಾಗಿಲು ಹಾಕಿದಳು.

ಮಗು ತಿರುಗಿತೋ ಇಲ್ಲವೋ ತಿಳಿಯದು. ಭಯ ಇನ್ನೂ ಇದೆ. ನಾಳೆ ಬೆಳಿಗ್ಗೆ ಗಾಡಿ ಹೂಡಿಸಿ ಕಾಮಗೆರೆ ಆಸ್ಪತ್ರೆಗೆ ಹೊರಡುತ್ತೇವೆ. ಅತ್ತೆಯೂ ಬರುತ್ತಾರೆ.