ಲಗ್ನಪತ್ರಿಕೆಗೆ ಬಂದ ಶ್ರೀ None

ಗೆಳೆಯರೇ, ಇವತ್ತು ಕುಕನೂರಿನ ಟೇಲರ್ ಹುಲಿಗೆವ್ವಕ್ಕ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಮೊಬೈಲ್ ಮುಂದೆ ಹಿಡಿದರು. ನಾನು ಮಾಡಿಕೊಟ್ಟ ಅವರ ಮಗಳ ವೆಬ್ ಲಗ್ನಪತ್ರಿಕೆಯಲ್ಲಿ ‘ಶ್ರೀ None ಮತ್ತು ಶ್ರೀಮತಿ ಹುಲಿಗೆವ್ವ ಇವರ ಪುತ್ರಿ’ ಎಂದಿತ್ತು.

“ಯಾರ್ರಿ ಇಂವಾ? ಬೀಗರು ಫೋನ್ ಹಚ್ಚಿ ಕೇಳಾಕತ್ಯಾರ.”

“ಫಾರ್ಮಿನ್ಯಾಗ ಅಪ್ಪನ ಹೆಸರು ಖಾಲಿ ಬಿಟ್ಟೀರಲ್ರಿ ಅಕ್ಕಾರ, ಕಂಪ್ಯೂಟರ್ ತಾನ ‘None’, ಅಂದ್ರ ‘ಏನೂ ಇಲ್ಲ’ ಅಂತ ಬರದೈತಿ.”

“ಅಂವ ನಮ್ಮನ್ನ ಬಿಟ್ಟು ಹೋಗಿ ಇಪ್ಪತ್ತು ವರ್ಷ ಆತು. ಬೇಕಂತನ ಖಾಲಿ ಬಿಟ್ಟೀನಿ. ನಿಮ್ಮ ಕಂಪ್ಯೂಟರ್ ಯಾಕ ನನಗ ಹೊಸ ಗಂಡನ್ನ ಹುಡುಕತೈತಿ?”

ನಗು ಬಂತು, ನಾಚಿಕೆಯೂ ಆಯಿತು. ತಂದೆಯ ಹೆಸರಿದ್ದರೆ ಇಬ್ಬರನ್ನೂ, ಇಲ್ಲದಿದ್ದರೆ ತಾಯಿಯನ್ನಷ್ಟೇ ತೋರಿಸು ಎಂದು ಅಲ್ಲೇ ಪ್ರೋಗ್ರಾಮಿನಲ್ಲಿ ಒಂದು ಷರತ್ತು ಬರೆದೆ. ‘ಶ್ರೀಮತಿ ಹುಲಿಗೆವ್ವ ಇವರ ಪುತ್ರಿ’ ಎಂಬುದನ್ನು ಅಕ್ಕ ಎರಡು ಸಲ ಓದಿ, ನಿಂತಲ್ಲೇ ಬೀಗರಿಗೆ ಕಳಿಸಿದರು.

ಪಾಪ, ಎಲ್ಲ ಮನೆಯಲ್ಲೂ ಗಂಡ ಇದ್ದೇ ಇರುತ್ತಾನೆ ಎಂದುಕೊಂಡಿದ್ದು ಕಂಪ್ಯೂಟರ್ ಅಲ್ಲ, ನಾನು.