ತವರಿನ ಬೂದುಬೆಕ್ಕು

ಅಣೆಕಟ್ಟಿನ ನೀರಿಗೆ ನನ್ನ ತವರೂರು ಮುಳುಗುವಾಗ ನನಗೆ ಮದುವೆಯಾಗಿ ಎರಡು ವರ್ಷ. ಅಪ್ಪ, ಅಮ್ಮ ಆನಂದಪುರದ ಕಡೆ ಹೊಸ ಜಾಗಕ್ಕೆ ಹೊರಟರು. ಆ ಮನೆಯಿಂದ ನಾನು ತಂದದ್ದು ಒಂದನ್ನೇ, ಬುಟ್ಟಿಯಲ್ಲಿ ನಮ್ಮ ಮುದಿ ಬೂದುಬೆಕ್ಕು. ಅತ್ತೆ ಬುಟ್ಟಿಯೊಳಗೆ ಇಣುಕಿದರು. "ಬೇರೆಯವ್ರ ಸೊಸೆಯಂದ್ರು ಹಂಡೆ ತರ್ತಾರೆ, ಕೊಪ್ಪರಿಗೆ ತರ್ತಾರೆ. ನಮ್ಮವಳು ಬೆಕ್ ತಂದ್ಲು!" ಹಾಗೆಂದವರೇ ಒಳಗೆ ಹೋಗಿ ಅದಕ್ಕೆ ಹಾಲು ತಂದರು.

ಆ ಹಾಲಿನ ಸುದ್ದಿ ಹೇಗೆ ಹಬ್ಬಿತೋ! ಊರು ಬಿಟ್ಟು ಹೋಗುವವರೆಲ್ಲ ಹೊಸನಗರದ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ ಒಂದೊಂದು ಬೆಕ್ಕು ಇಳಿಸಿ ಹೋದರು. ಇಲ್ಲವೆನ್ನುವ ಬಾಯಿ ಅತ್ತೆಗೆ ಇರಲಿಲ್ಲ, ಬೈಯುವ ಬಾಯಿ ಮಾತ್ರ ಧಾರಾಳ. ಬೇಸಿಗೆಯ ಹೊತ್ತಿಗೆ ಮನೆಯಲ್ಲಿ ಹದಿನಾಲ್ಕು ಬೆಕ್ಕು. ಎಲ್ಲಕ್ಕೂ ಸೇರಿ ಕೊಟ್ಟಿಗೆಯಲ್ಲಿ ಒಂದೇ ಮರಿಗೆ, ನೀರು ತುಂಬಿದ ಮರದ ತೊಟ್ಟಿ. ಅದರ ಸುತ್ತ ದಾಂಡಿಗ ಗಂಡುಬೆಕ್ಕುಗಳ ಕಾವಲು.

ನಮ್ಮ ಬೂದುಬೆಕ್ಕು ಬಡಕಲಾಗುತ್ತ ಬಂತು. ಹಗಲೆಲ್ಲ ಅಡುಗೆಮನೆಯ ಪಾತ್ರೆಗಳಿಗೆ ಬಾಯಿ ಹಾಕಿ ನೀರು ಕುಡಿಯುವುದು, ಹೋಗಿ ಹಾಸಿಗೆಯ ಮೇಲೆ ಉಚ್ಚೆ ಹೊಯ್ಯುವುದು. ನನಗೋ ನಾಚಿಕೆ, ತವರಿನ ಮರ್ಯಾದೆಯ ಪ್ರಶ್ನೆ ನೋಡಿ! ಕುಡಿದರೆ ತಾನೇ ಉಚ್ಚೆ ಎಂದುಕೊಂಡು ಕಂಡ ಕಂಡ ಪಾತ್ರೆಗೆಲ್ಲ ತಟ್ಟೆ ಮುಚ್ಚಿ ಕಲ್ಲು ಹೇರಿದೆ. ಬೇಕಾದರೆ ಕೊಟ್ಟಿಗೆಯಲ್ಲಿ ಕುಡಿಯಲಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನಾಲ್ಕನೇ ದಿನ ಅದು ಏಳಲಿಲ್ಲ. ಎಮ್ಮೆ ನೋಡಲು ಬಂದಿದ್ದ ದನದ ಡಾಕ್ಟರು ಅದರ ಹೊಟ್ಟೆ ಮುಟ್ಟಿ, ಬಾಯಿ ಮೂಸಿ ನೋಡಿದರು. "ಕಿಡ್ನಿ ಹೋಗಿದೆ ಕಣಮ್ಮ. ಇದಕ್ಕೆ ಎಷ್ಟು ನೀರಿದ್ರೂ ಸಾಲ್ದು. ಕುಡ್ಕೊಂಡೇ ಇಷ್ಟು ದಿನ ಬದ್ಕಿದೆ. ಈ ಸಂತೇಲಿ ಮುದಿಬೆಕ್ಕಿಗೆ ಮರಿಗೆ ಹತ್ರ ಜಾಗ ಎಲ್ಲಿ ಸಿಗುತ್ತೆ?"

ಪಾತ್ರೆ ಮುಚ್ಚಿದವಳು ನಾನೆಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು. ಅವರು ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಎರಡು ದಿನ ಬತ್ತಿಯಿಂದ ನೀರು ಹನಿಸಿದರು. ಮೂರನೆಯ ಬೆಳಿಗ್ಗೆ ಅದು ಹೋಯಿತು.

"ನಾನೇ ಕೊಂದೆ ಅತ್ತೆ" ಎಂದು ನಾನು ಅತ್ತುಬಿಟ್ಟೆ. "ಬೆಕ್ಕು ಕೊಂದ್ರೆ ಚಿನ್ನದ ಬೆಕ್ಕು ದಾನ ಕೊಡ್ಬೇಕಂತಲ್ಲ?"

"ಚಿನ್ನ ತಗಂಡು ಅದು ಎಂತ ಮಾಡ್ತದೆ? ಬಾಕಿಯವಕ್ಕೆ ನೀರಿಡು, ಹೋಗು" ಎಂದು ಹಾರೆ ಹಿಡಿದು ಅವರು ಹಿತ್ತಲಿಗೆ ನಡೆದರು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತೆಂಗಿನ ಗೆರಟೆಗಳಲ್ಲಿ ನೀರು ತುಂಬಿ ಮನೆಯ ಮೂಲೆಮೂಲೆಗೂ ಇಟ್ಟು ಹಿತ್ತಲಿಗೆ ಹೋದೆ. ಅತ್ತೆ ತಮ್ಮ ಹಳೇ ಸೀರೆಯ ತುಂಡಿನಲ್ಲಿ ಬೆಕ್ಕನ್ನು ಸುತ್ತಿ, ಮನೆಯ ಹಿರಿಯರಿಗೆ ಬಿಡುವ ಹಾಗೆ, ಅದರ ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು.